ಬಿಳಿ ಹಕ್ಕಿ ಐದು ಸಲ

ಎಲೆ ಉದುರುವ ಕಾಲ ಬಂತೆಂದರೆ ಆ ಬೀದಿಯ ಸ್ಟುಡಿಯೋ ಬಾಗಿಲಿಗೆ ಹತ್ತು ದಿನ ಬೀಗ ಬೀಳುತ್ತಿತ್ತು. ‘ಹಕ್ಕಿಗೆ ಹೋಗಿದ್ದೇವೆ’ ಎಂದು ಬರೆದ ರಟ್ಟು ಬಾಗಿಲಲ್ಲಿ ತೂಗಾಡುತ್ತಿತ್ತು. ಗುರುತಿನ ಚೀಟಿಗೆ ಫೋಟೋ ಬೇಕೆಂದು ಓಡಿ ಬಂದವರು ಅದನ್ನು ಓದಿ, ಇವರಿಗೆಲ್ಲೋ ತಲೆ ಕೆಟ್ಟಿದೆ ಎಂದು ಗೊಣಗಿಕೊಂಡು ವಾಪಸಾಗುತ್ತಿದ್ದರು. ಗೊಣಗಲಿ ಬಿಡಿ. ಇಪ್ಪತ್ತು ವರ್ಷದಲ್ಲಿ ಆ ರಟ್ಟಿನ ದಾರ ನಾಲ್ಕು ಸಲ ಬದಲಾಗಿತ್ತು, ಗಂಡ ಹೆಂಡತಿಯ ಪ್ರವಾಸ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ.

ಅವರು ಹೋಗುತ್ತಿದ್ದದ್ದು ಅರ್ಧ ದಿನದ ದಾರಿಯಾಚೆಗಿನ ಒಂದು ಸರೋವರಕ್ಕೆ. ಚಳಿ ಸೀಮೆಯಿಂದ ಹೊರಟ ಹೆಬ್ಬಾತುಗಳು ಆ ನೀರಿಗೆ ಇಳಿದು, ತಿಂಗಳೊಪ್ಪತ್ತು ತಂಗಿ, ಮುಂದಕ್ಕೆ ಹೋಗುತ್ತವೆ. ಎಷ್ಟು ಬಂದಿವೆ ಎಂಬುದು ಪ್ರತಿ ವರ್ಷ ಸರೋವರದ ಆಫೀಸಿಗೆ ತಿಳಿಯಬೇಕು. ಹಾರುವ ಹಿಂಡನ್ನು ಬೆರಳು ಮಡಿಸಿ ಎಣಿಸಲು ಯಾರಪ್ಪನಿಂದಲೂ ಆಗದು; ಅದಕ್ಕೇ ಫೋಟೋ. ಗಂಡ ತೆಗೆಯುವುದು, ಹೆಂಡತಿ ಎಣಿಸುವುದು. ಒಂದೊಂದು ಫೋಟೋವನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿ, ಕೆಳಗೆ ಮಡಿಸಿದ ಕಂಬಳಿ ಇಟ್ಟು, ಹಕ್ಕಿಗೊಂದರಂತೆ ಸೂಜಿಯಿಂದ ಚುಚ್ಚುತ್ತಾ ಹೋಗುತ್ತಾಳೆ. ನೂರಾದ ಕೂಡಲೇ ಅಂಚಿನಲ್ಲಿ ಪೆನ್ಸಿಲಿನ ಒಂದು ಗೀಟು. ಮುಗಿದ ಮೇಲೆ ಹಾಳೆಯನ್ನು ಕಿಟಕಿಗೆ ಹಿಡಿದರೆ ಜರಡಿಯಲ್ಲಿ ಬಂದ ಹಾಗೆ ಬೆಳಕು ಬರುತ್ತದೆ. ಆಫೀಸಿನವರು ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಈಗ ನಿಜವಾದ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೇ ಹಿಂತಿರುಗಿ ನೋಡುತ್ತಾಳೋ ಇಲ್ಲವೋ.

ಫೋಟೋ ತೆಗೆಯುವುದಕ್ಕೂ ಒಂದು ಕ್ರಮವಿತ್ತು, ಅದನ್ನು ಕಂಡುಹಿಡಿದವನು ಅವಳ ಗಂಡನೇ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ಹಿಂಡು ಎಡಗಡೆಯ ಜೊಂಡಿನಿಂದ ಏಳುತ್ತದೆ. ನೀರಿನ ಉದ್ದಕ್ಕೂ ಹಾರಿ, ಬಲಗಡೆಯ ಕೊಯ್ಲಾದ ಹೊಲಗಳಿಗೆ ಮೇಯಲು ಹೋಗುತ್ತದೆ. ಇಡೀ ಹಿಂಡು ಒಂದು ಫೋಟೋದಲ್ಲಿ ಹಿಡಿಸುವುದಿಲ್ಲ, ಹನ್ನೊಂದು ಬೇಕು. ಕ್ಯಾಮೆರಾ ಸ್ಟ್ಯಾಂಡಿನ ತಲೆಯ ಸುತ್ತ ಅವಳ ಉಗುರಿನ ಬಣ್ಣದಲ್ಲಿ ಹನ್ನೊಂದು ಕೆಂಪು ಚುಕ್ಕೆ ಇಟ್ಟಿದ್ದರು. ಚುಕ್ಕೆಯಿಂದ ಚುಕ್ಕೆಗೆ ಕ್ಯಾಮೆರಾ ತಿರುಗಿಸುತ್ತಾ ಒಂದೊಂದಾಗಿ ತೆಗೆಯಬೇಕು. ಆದರೆ ಹಕ್ಕಿ ಬಲಕ್ಕೆ ಹಾರುತ್ತಿದ್ದರೆ ಕ್ಯಾಮೆರಾ ಎಡಕ್ಕೆ ತಿರುಗಬೇಕು. ಹಿಂಡಿನ ತಲೆಯಿಂದ ಶುರುಮಾಡಿ ಬಾಲಕ್ಕೆ ಬರಬೇಕು. ಹಿಂಡಿನ ಜೊತೆಜೊತೆಗೇ ಬಲಕ್ಕೆ ತಿರುಗಿಸಿದರೆ, ಒಂದನೇ ಫೋಟೋದಲ್ಲಿ ಸಿಕ್ಕ ಹಕ್ಕಿಯೇ ಹಾರಿಕೊಂಡು ಬಂದು ಎರಡನೆಯದರಲ್ಲೂ ಸಿಗುತ್ತದೆ, ಮೂರನೆಯದರಲ್ಲೂ ಸಿಗುತ್ತದೆ. ಹಿಂದಿನ ದಡ, ಮರ, ನೀರಿನ ಟ್ಯಾಂಕು ಎಲ್ಲ ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳುವುದರಿಂದ ನೋಡಿದವರಿಗೆ ಅನುಮಾನವೂ ಬರುವುದಿಲ್ಲ. “ಹಕ್ಕಿ ಹಿಂದೆ ಓಡ್ಬಾರ್ದು ಕಣೇ, ಎದುರಿಗೆ ಹೋಗ್ಬೇಕು” ಎಂದು ಅವನು ಇಪ್ಪತ್ತು ವರ್ಷವೂ ಅವಳಿಗೆ ಪಾಠ ಹೇಳಿದ್ದಾನೆ, ಅವಳೇನೋ ಮೊದಲ ಸಲ ಕೇಳುತ್ತಿದ್ದಾಳೆ ಎಂಬಂತೆ.

ಎರಡೂವರೆ ವರ್ಷದ ಹಿಂದೆ ಒಂದು ಬೆಳಗ್ಗೆ ಅವನು ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದಿದ್ದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ಬಂತು, ಮಾತು ಬಂತು, ಬೈಗುಳವೂ ಬಂತು. ಬಾರದೇ ಉಳಿದದ್ದು ಒಂದೇ. ಡಾಕ್ಟರು ಸೂಜಿಯಕ್ಕನನ್ನು ಹೊರಗೆ ಕರೆದು ಹೇಳಿದ್ದರು: “ಎಡಗಡೆಯ ಪ್ರಪಂಚ ಇವರಿಗೆ ಕಾಣೋದಿಲ್ಲಮ್ಮ. ಕಷ್ಟ ಏನಂದ್ರೆ, ಕಾಣ್ತಿಲ್ಲ ಅನ್ನೋದೂ ಇವರಿಗೆ ಗೊತ್ತಾಗೋದಿಲ್ಲ. ಅಲ್ಲಿ ಏನೂ ಇಲ್ಲ ಅಂತಲೇ ಅಂದ್ಕೊಳ್ತಾರೆ. ಪದೇಪದೇ ಹೇಳಿ, ಆ ಕಡೆ ನೋಡೋ ಅಭ್ಯಾಸ ಮಾಡಿಸಿ.” ಗಂಡನಿಗೂ ಅದನ್ನೇ ಹೇಳಿದಾಗ ಅವನು ನಕ್ಕುಬಿಟ್ಟ. ಮೂವತ್ತು ವರ್ಷ ಕಣ್ಣಿಂದಲೇ ಅನ್ನ ತಿಂದವನಿಗೆ ಈ ಹುಡುಗ ಡಾಕ್ಟರು ಕಣ್ಣಿನ ವಿಷಯ ಹೇಳಿಕೊಡುವುದೇ?

ಅವಳು ಒಂದೆರಡು ಸಲ ಹೇಳಿ ನೋಡಿದಳು. ಅವನು ಸಿಡುಕಿದ. ಆಮೇಲೆ ಹೇಳುವುದನ್ನು ಬಿಟ್ಟು, ಸರಿಮಾಡುವುದನ್ನು ಹಿಡಿದಳು. ತಟ್ಟೆಯಲ್ಲಿ ಬಲ ಅರ್ಧ ತಿಂದು ಅವನು ನೀರಿನ ಲೋಟಕ್ಕೆ ಕೈ ಹಾಕುತ್ತಿದ್ದ ಹಾಗೇ ಇವಳು ಏನೋ ಬಡಿಸುವ ನೆಪದಲ್ಲಿ ತಟ್ಟೆಯನ್ನು ಸರ್ರನೆ ಅರ್ಧ ಸುತ್ತು ತಿರುಗಿಸುತ್ತಿದ್ದಳು. ಅವನು ಉಳಿದರ್ಧವನ್ನೂ ತಿನ್ನುತ್ತಿದ್ದ. ಸ್ಟುಡಿಯೋದಲ್ಲಿ ಗಿರಾಕಿಗಳನ್ನು ಇವಳೇ ಕೂರಿಸಿ “ಸ್ವಲ್ಪ ಈ ಕಡೆ ಸರೀರಿ” ಎಂದು ಅವನ ಕಣ್ಣಿಗೆ ಬೀಳುವ ಕಡೆಗೆ ತಳ್ಳುತ್ತಿದ್ದಳು. ಒಂದು ಶಾಲೆಯ ಗ್ರೂಪ್ ಫೋಟೋದಲ್ಲಿ ಎಡ ತುದಿಯ ಆರು ಮಕ್ಕಳು ಬಾರದೇ ಹೋದಾಗ, ಲೆನ್ಸ್ ಕೆಟ್ಟಿತ್ತು ಎಂದು ತಾನೇ ಹೋಗಿ ಹೆಡ್‌ಮಾಸ್ತರರ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಬಾಗಿಲ ಚೌಕಟ್ಟಿಗೆ ಬಡಿದು ಬಡಿದು ಅವನ ಎಡ ಭುಜ ಸದಾ ನೀಲಿಗಟ್ಟಿರುತ್ತಿತ್ತು. ಅದಕ್ಕೆ ಅವನು ಬಡಗಿಯನ್ನು ಬೈಯುತ್ತಿದ್ದ. ಇದೆಲ್ಲ ಪ್ರೀತಿ ಎಂದೇ ಅವಳು ತಿಳಿದಿದ್ದಳು. ಪ್ರೀತಿಯೇ ಇರಬಹುದು, ನಾನು ಇಲ್ಲವೆನ್ನುವುದಿಲ್ಲ.

ಈ ವರ್ಷವೂ ವ್ಯಾನು ಓಡಿಸಿದವಳು ಅವಳೇ. ಐವತ್ತೆರಡನೇ ವಯಸ್ಸಿನಲ್ಲಿ ಕಲಿತ ಡ್ರೈವಿಂಗು. ದಾರಿಯುದ್ದಕ್ಕೂ ಹಳದಿ ಎಲೆಗಳು ಗಾಜಿಗೆ ಬಂದು ಬಡಿಯುತ್ತಿದ್ದವು. ಪಕ್ಕದಲ್ಲಿ ಕೂತ ಗಂಡ, “ಸೈಕಲ್ಲು ನೋಡು, ಲಾರಿ ನೋಡು, ಆ ಅಜ್ಜನ್ನ ನೋಡು” ಎಂದು ಒಂದೇ ಸಮನೆ ಎಚ್ಚರಿಸುತ್ತಿದ್ದ. ಎಚ್ಚರಿಸಿದ್ದೆಲ್ಲ ಬಲಗಡೆಯವೇ. ಎಡಗಡೆಯಿಂದ ಒಂದು ಟ್ರ್ಯಾಕ್ಟರು ಅಡ್ಡ ನುಗ್ಗಿದಾಗ ಅವಳು ಬ್ರೇಕು ಒತ್ತಿದ ರಭಸಕ್ಕೆ ಅವನ ಹಣೆ ಮುಂದೆ ಬಡಿಯಿತು.

“ಯಾಕೇ ಸುಮ್ಮ ಸುಮ್ಮನೆ ನಿಲ್ಲಿಸ್ತೀಯ? ರಸ್ತೆ ಖಾಲಿ ಇದೆಯಲ್ಲ!”

“ಕಾಲು ಜಾರ್ತು ಕಣ್ರೀ” ಎಂದಳು ಅವಳು.

ಸರೋವರದ ದಡದಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆ ಅವರಿಗೆಂದೇ ಪ್ರತಿ ವರ್ಷ ಖಾಲಿ ಇರುತ್ತಿತ್ತು. ಎರಡು ಮಂಚ, ಒಂದು ಮೇಜು, ನೀರಿನ ಕಡೆಗೊಂದು ಕಿಟಕಿ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಜಿನ ಮೇಲಿನ ಸೂಜಿಗಳು ಸಣ್ಣಗೆ ನಡುಗುತ್ತಿದ್ದವು. ಸ್ಟುಡಿಯೋದಿಂದ ಸ್ವೆಟರುಗಳಲ್ಲಿ ಸುತ್ತಿ ತಂದ ಪ್ರಿಂಟರನ್ನು ಮೂಲೆಯಲ್ಲಿ ಇಟ್ಟರು.

ಗುರುವಾರ ಬೆಳಗ್ಗೆ ದಿಬ್ಬದ ಮೇಲೆ ಸ್ಟ್ಯಾಂಡು ನಿಲ್ಲಿಸಿದರು. ಚಳಿಗೆ ಅವಳ ಮೂಗು ಸೋರುತ್ತಿತ್ತು. ಮೊದಲು ಜೊಂಡಿನೊಳಗಿನಿಂದ ಗದ್ದಲ ಎದ್ದಿತು, ಸಾವಿರ ಜನ ಒಟ್ಟಿಗೆ ಜಗಳಕ್ಕೆ ನಿಂತ ಹಾಗೆ. ಆಮೇಲೆ ಹಿಂಡು ಎದ್ದಿತು. ಆಕಾಶ ಕಪ್ಪಾಗಬೇಕಿತ್ತು. ಹಿಂದೆಲ್ಲ ಹಾಗೆ ಆಗುತ್ತಿತ್ತು. ತಲೆಯ ಮೇಲೆ ಯಾರೋ ಕಂಬಳಿ ಎಳೆದರೇನೋ ಎನ್ನಿಸಿ ಅವಳು ಕತ್ತು ತಗ್ಗಿಸುತ್ತಿದ್ದಳು. ಈಗ ಹಕ್ಕಿಗಳ ನಡುವೆ ಆಕಾಶ ಧಾರಾಳವಾಗಿ ಕಾಣುತ್ತಿತ್ತು.

ಅವನು ಎಡಕ್ಕೆ ಹೋಗಲೇ ಇಲ್ಲ. ಎಡದಿಂದ ನಾಲ್ಕನೇ ಚುಕ್ಕೆಯಲ್ಲಿ ಕ್ಯಾಮೆರಾ ನಿಲ್ಲಿಸಿ, “ಬಾಲ ಇಲ್ಲೇ ಇದೆ, ಆ ಕಡೆ ಬರೀ ನೀರು” ಎಂದು ಗೊಣಗಿ, ಹಿಂಡಿನ ಜೊತೆಗೇ ಬಲಕ್ಕೆ ತಿರುಗಿಸುತ್ತಾ ಹೋದ. ಕಾಯಿಲೆಯಾದ ಮೇಲೆ ಬೆರಳೂ ನಿಧಾನ. ಎಡಗಡೆಯ ಮೂರನ್ನು ಕೊನೆಗೆ ಶಾಸ್ತ್ರಕ್ಕೆಂಬಂತೆ ತೆಗೆದ. ಅಷ್ಟು ಹೊತ್ತಿಗೆ ಅಲ್ಲಿ ನಿಜವಾಗಿಯೂ ಬರೀ ನೀರೇ ಇತ್ತು.

“ತಲೆ ಕಡೆಯಿಂದ ಅಲ್ವೇನ್ರೀ ಹಿಡೀಬೇಕಿದ್ದು?” ಎಂದು ಅವಳು ಮೆಲ್ಲಗೆ ಕೇಳಿದಳು. ಹೋದ ವರ್ಷವೂ ಹೀಗೇ ಒಂದು ಸಲ ಕೇಳಿ, ಕೇಳಿದ್ದೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

“ನನಗೇ ಹೇಳಿಕೊಡ್ತೀಯಾ? ಬೇಗಬೇಗ ತಿರುಗಿಸಿದ್ರೆ ಯಾವ ಕಡೆಯಿಂದ ಹಿಡಿದ್ರೂ ಒಂದೇ.”

ಆ ದಿನವೂ ಮರುದಿನ ಬೆಳಗ್ಗೆಯೂ ಅವಳು ಚುಚ್ಚಿದಳು. ನಾಲ್ಕನೇ ಹಾಳೆಯಲ್ಲಿ ಬಿಳಿ ಹಕ್ಕಿ ಸಿಕ್ಕಿತು. ಬೂದು ಬಣ್ಣದ ಹೆಬ್ಬಾತುಗಳ ನಡುವೆ ಅದೊಂದು ಮಾತ್ರ ಅಚ್ಚ ಬಿಳಿ. ಅದರ ಮುಂದೆಯೇ, ಬಲ ರೆಕ್ಕೆಯಲ್ಲಿ ಎರಡು ಗರಿ ಉದುರಿ ಸಂದಿ ಬಿದ್ದ ಇನ್ನೊಂದು ಹಕ್ಕಿ, ಹಲ್ಲು ಬಿದ್ದ ಬಾಯಿಯ ಹಾಗೆ. ಐದನೇ ಹಾಳೆಯಲ್ಲಿ ಬಿಳಿ ಹಕ್ಕಿ, ಮುಂದೆ ಸಂದಿ ರೆಕ್ಕೆಯದು. ಆರನೆಯದರಲ್ಲೂ ಅವೇ ಎರಡು. ಏಳರಲ್ಲೂ, ಎಂಟರಲ್ಲೂ. ಐದು ಸಲ.

ಬಿಳಿ ಹಕ್ಕಿ ಅವಳಿಗೆ ಹೊಸದಲ್ಲ. ಕಾಯಿಲೆಯಾದ ವರ್ಷ ಅದು ಎರಡು ಹಾಳೆಗಳಲ್ಲಿ ಕಂಡಿತ್ತು; ಅಣ್ಣ ತಮ್ಮ ಇರಬೇಕು ಎಂದುಕೊಂಡು ಖುಷಿಪಟ್ಟಿದ್ದಳು. ಹೋದ ವರ್ಷ ನಾಲ್ಕರಲ್ಲಿ ಕಂಡಿತು, ನಾಲ್ಕರಲ್ಲೂ ಅದರ ಪಕ್ಕ ಕಾಲು ಜೋತುಬಿದ್ದ ಅದೇ ಒಂದು ಜೊತೆಗಾರ ಹಕ್ಕಿ. ಆಗ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾಲ್ಕು ಕಡೆ ಚುಚ್ಚಿದಳು. ಯಾಕೆಂದರೆ ಆಸ್ಪತ್ರೆಯಿಂದ ಬಂದವನು ನಾಲ್ಕು ತಿಂಗಳು ಗೋಡೆ ನೋಡುತ್ತಾ ಕೂತಿದ್ದ. ಆ ಮೊದಲ ವರ್ಷ ಎಣಿಕೆ ನಲವತ್ತು ಸಾವಿರ ದಾಟಿದೆ, ಮೊದಲಿನಷ್ಟೇ ಬಂದಿದೆ ಎಂದು ಕೇಳಿದಾಗಲೇ ಅವನ ಮುಖಕ್ಕೆ ರಕ್ತ ಬಂದದ್ದು. “ನೋಡಿದ್ಯಾ, ನನ್ನ ಕಣ್ಣಿಗೇನೂ ಆಗಿಲ್ಲ” ಎಂದು ಮಗಳಿಗೆ ಫೋನು ಮಾಡಿ ಕೂಗಿದ್ದ. ಆ ಕೂಗಿಗಾಗಿ ನಾಲ್ಕು ಸೂಜಿ ಚುಚ್ಚುವುದೇನು ಮಹಾ? ಹಕ್ಕಿಗಳೇನು ಬಂದು ಲೆಕ್ಕ ಕೇಳುತ್ತವೆಯೇ?

ಶುಕ್ರವಾರ ಮಧ್ಯಾಹ್ನ ಆಫೀಸಿನ ಮೇಡಂ ಮೆಟ್ಟಿಲು ಹತ್ತಿ ಬಂದರು. ಸದಾ ಕಂಕುಳಲ್ಲಿ ಸುತ್ತಿದ ನಕ್ಷೆ ಇರುತ್ತಿದ್ದುದರಿಂದ ಎಲ್ಲರಿಗೂ ಅವರು ನಕ್ಷೆ ಮೇಡಂ. ಒಳ್ಳೆಯ ಹೆಂಗಸು, ಕುರ್ಚಿ ಕೊಟ್ಟರೂ ಮಂಚದ ತುದಿಯಲ್ಲಿ ಕೂತರು.

“ಎಷ್ಟು ಬಂತು ಸೂಜಿಯಕ್ಕ?”

“ಇನ್ನೂ ಮುಗಿದಿಲ್ಲ” ಎಂದಳು ಅವಳು.

“ನಲವತ್ತಕ್ಕೆ ಮೋಸ ಇಲ್ಲ ಮೇಡಂ, ನಾನು ನೋಡಿದೀನಲ್ಲ” ಎಂದ ಗಂಡ.

ಮೇಡಂ ನಕ್ಷೆ ಬಿಡಿಸಿದರು. ಸರೋವರದ ಮೇಲೆ ಪೆನ್ನಿನಿಂದ ಒಂದು ಹೊಸ ನೀಲಿ ಗೆರೆ ಎಳೆದಿತ್ತು. “ಎರಡನೇ ಕಾಲುವೆ. ನೀರು ಈ ಜೊಂಡಿನ ಕಡೆಯಿಂದಲೇ ತೆಗೀತಾರೆ. ಮೂರು ವರ್ಷದಲ್ಲಿ ಹಕ್ಕಿ ಕಡಿಮೆಯಾಗಿದ್ರೆ ತೆಗೆಯೋ ಹಾಗಿಲ್ಲ ಅಂತ ನಿಯಮ ಇದೆ. ಎರಡು ವರ್ಷದ್ದು ನಿಮ್ಮ ಎಣಿಕೆ ಹೇಳುತ್ತೆ, ಕಡಿಮೆಯಾಗಿಲ್ಲ ಅಂತ. ಈ ವರ್ಷದ್ದೂ ಹಾಗೇ ಬಂದ್ರೆ ಸೋಮವಾರ ನಾನು ಒಪ್ಪಿಗೆ ಅಂತ ಬರೆದು ಮೇಲಕ್ಕೆ ಕಳಿಸ್ಬೇಕು.” ನಕ್ಷೆಯನ್ನು ಮತ್ತೆ ಸುತ್ತುತ್ತಾ, “ದೋಣಿಯವನು ಹಕ್ಕಿ ಅರ್ಧಕ್ಕರ್ಧ ಇಲ್ಲ ಅಂತಾನೆ. ನನಗೂ ಯಾಕೋ ಹಾಗೇ ಅನ್ಸುತ್ತೆ. ಆದ್ರೆ ಅನ್ನಿಸಿದ್ದನ್ನ ಫೈಲಲ್ಲಿ ಬರೆಯೋಕಾಗುತ್ತಾ?” ಎಂದರು.

“ದೋಣಿಯವನ ಕಣ್ಣು ಮೊದಲು ಡಾಕ್ಟರಿಗೆ ತೋರಿಸಿ ಮೇಡಂ” ಎಂದು ಗಂಡ ಗಹಗಹಿಸಿ ನಕ್ಕ.

ಸೂಜಿಯಕ್ಕನ ಕೈಯಲ್ಲಿದ್ದ ಸೂಜಿ ಹಾಳೆ ದಾಟಿ, ಕಂಬಳಿ ದಾಟಿ, ಮೇಜಿಗೆ ನಾಟಿಕೊಂಡಿತು. ಮೇಡಂ ಹೋದ ಮೇಲೂ ಅವಳು ಅದನ್ನು ಕೀಳಲಿಲ್ಲ. ಹೇಳಿದರೆ ಗಂಡನ ಮುಖದಿಂದ ರಕ್ತ ಇಳಿದುಹೋಗುತ್ತದೆ, ಮತ್ತೆ ಗೋಡೆ. ಹೇಳದಿದ್ದರೆ ಆ ನೀಲಿ ಗೆರೆ. ಇಪ್ಪತ್ತು ವರ್ಷ ಚುಚ್ಚಿದ ಹಕ್ಕಿಗಳು ಮುಂದಿನ ವರ್ಷ ಬಂದು ಎಲ್ಲಿ ಇಳಿಯಬೇಕು? ಗಂಡ ಮಧ್ಯಾಹ್ನದ ನಿದ್ದೆಗೆ ಕಾಲು ಚಾಚುವುದರಲ್ಲಿದ್ದ.

“ರೀ, ಸ್ವಲ್ಪ ಇಲ್ಲಿ ನೋಡಿ” ಎಂದಳು. ನಾಲ್ಕರಿಂದ ಎಂಟರವರೆಗಿನ ಐದು ಹಾಳೆಗಳನ್ನು ಮಂಚದ ಮೇಲೆ ಸಾಲಾಗಿ, ಎಡದಿಂದ ಬಲಕ್ಕೆ ಜೋಡಿಸಿದಳು. “ಬಿಳಿ ಹಕ್ಕಿ ಎಲ್ಲೆಲ್ಲಿದೆ ಹೇಳಿ.”

ಅವನು ಬಗ್ಗಿ ನೋಡಿದ. “ಇದೇನು ಮಕ್ಕಳಾಟ? ಏಳರಲ್ಲಿದೆ. ಎಂಟರಲ್ಲಿದೆ. ಎರಡು ಹಕ್ಕಿ.”

“ನಾಲ್ಕು, ಐದು, ಆರು?”

“ಅವನ್ನ ಎಲ್ಲಿಟ್ಟಿದ್ದೀಯ? ತಾ ಇಲ್ಲಿ.”

ಅವು ಅವನ ಎಡ ಮೊಣಕೈಗೆ ತಾಗಿಕೊಂಡೇ ಇದ್ದವು. ತಟ್ಟೆಗೆ ಮಾಡುತ್ತಿದ್ದುದನ್ನೇ ಈಗ ಹಾಳೆಗಳಿಗೆ ಮಾಡಿದಳು. ಇಡೀ ಸಾಲನ್ನು ಕಂಬಳಿ ಸಮೇತ ಬಲಕ್ಕೆ ಎಳೆದಳು. ಈ ಸಲ ನೆಪವಿಲ್ಲದೆ, ಅವನ ಕಣ್ಣೆದುರಿಗೇ ಎಳೆದಳು. ಆರು, ಐದು, ನಾಲ್ಕು ಒಂದೊಂದಾಗಿ ಅವನ ನೋಟದೊಳಗೆ ಬಂದವು. ಅವನು ಬೆಚ್ಚಿ ಹಿಂದೆ ಸರಿದ.

“ಇವು ಈಗ ಎಲ್ಲಿಂದ ಬಂದ್ವು?”

“ಅಲ್ಲೇ ಇದ್ವು.”

ಅವನು ಬಿಳಿ ಹಕ್ಕಿಯ ಮೇಲೆ ಬೆರಳಿಟ್ಟ. ಮುಂದಿನ ಸಂದಿ ರೆಕ್ಕೆಯ ಹಕ್ಕಿಯ ಮೇಲೆ ಬೆರಳಿಟ್ಟ. ಒಂದು ಹಾಳೆ, ಇನ್ನೊಂದು, ಮತ್ತೊಂದು. ಬೇರೆಯವರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಈ ಕ್ರಮ ಕಂಡುಹಿಡಿದವನಿಗೆ ಏನು ಹೇಳುವುದು? ಕೆಳಗೆ ಹೊಲಿಗೆ ಯಂತ್ರ ಓಡಿ ನಿಂತಿತು. ಅವನು ತಲೆಯೆತ್ತದೆ ಕೇಳಿದ.

“ಊಟದ ತಟ್ಟೆ?”

“ಹ್ಞೂಂ.”

“ನಾನು... ನೀನು ಪ್ರೀತಿಗೆ ಎರಡನೇ ಸಲ ಬಡಿಸ್ತಿದ್ದೀಯ ಅಂದ್ಕೊಂಡಿದ್ದೆ.”

ಅವಳಿಗೆ ಅಳು ಬಂತು, ತಡೆದುಕೊಂಡಳು.

“ಹೋದ ವರ್ಷ ಎಷ್ಟು ಸಲ?”

“ನಾಲ್ಕು.”

“ಅದರ ಹಿಂದಿನ ವರ್ಷ?”

“ಎರಡು. ಆಗ ನನಗೂ ಗೊತ್ತಾಗ್ಲಿಲ್ಲ. ಹೋದ ವರ್ಷ ಗೊತ್ತಾಯ್ತು.”

“ಗೊತ್ತಾಗಿಯೂ ಬರೆದುಕೊಟ್ಟೆ.” ಅವನು ಈಗ ಅವಳನ್ನೇ ನೋಡುತ್ತಿದ್ದ. “ನನಗೆ ಕಾಣ್ಲಿಲ್ಲ. ಅದು ಕಾಯಿಲೆ. ನಿನಗೆ ಕಂಡಿತ್ತಲ್ಲೇ.”

ನಿಮಗೋಸ್ಕರ ಎಂದು ಹೇಳಬಹುದಿತ್ತು. ಬಾಯಿ ತೆರೆದಳು, ಆ ಮಾತು ಅವಳಿಗೇ ಹೇಸಿಗೆ ಎನ್ನಿಸಿತು. ಅವನು ಎದ್ದು ಹೊರಗೆ ಹೊರಟ. ಎಡ ಭುಜ ಚೌಕಟ್ಟಿಗೆ ದಡಕ್ಕನೆ ಬಡಿಯಿತು. ಈ ಸಲ ಬಡಗಿಯನ್ನು ಬೈಯಲಿಲ್ಲ. ನಿಂತು, ಆ ಚೌಕಟ್ಟನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ.

ಟೈಲರ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅವನು ಬಿಸಿಲು ಇಳಿಯುವ ತನಕ ಕೂತಿದ್ದ. ಅವಳು ಕಿಟಕಿಯಿಂದ ನೋಡಿದಳು. ಕೆಳಗೆ ಹೋಗಲು ಎರಡು ಸಲ ಎದ್ದು ಎರಡು ಸಲವೂ ಕೂತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಅವನ ಸಿಟ್ಟಿನ ಭಯ ಇರಲಿಲ್ಲ. ಈ ಮೌನದ ಭಯವಾಯಿತು. ಅವನು ಮೇಲೆ ಬಂದು ಸ್ಟ್ಯಾಂಡನ್ನು ಅವಳ ಮಂಚಕ್ಕೆ ಒರಗಿಸಿ, “ನಾಳೆ ಕ್ಯಾಮೆರಾ ನೀನು ಹಿಡಿ” ಎಂದನಷ್ಟೆ.

ಶನಿವಾರ ಬೆಳಗ್ಗೆ ಅವಳು ಹಿಡಿದಳು. ಅವನು ಅವಳ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟಿದ್ದ. ಜೊಂಡಿನಲ್ಲಿ ಗದ್ದಲ ಎದ್ದಿತು, ಹಿಂಡು ಎದ್ದಿತು. “ತಲೆ ಬಂದ ಕೂಡಲೇ ಹನ್ನೊಂದನೇ ಚುಕ್ಕೆ. ಆಮೇಲೆ ಹಿಂದಕ್ಕೆ. ಹಿಂಡಿನ ಜೊತೆ ಹೋಗೋಕೆ ಕೈ ಎಳೆಯುತ್ತೆ, ಬಿಡ್ಬೇಡ” ಎಂದ. ನಿಜಕ್ಕೂ ಎಳೆಯಿತು. ಇಪ್ಪತ್ತು ವರ್ಷ ಮಾತಿನಲ್ಲಿ ಕೇಳಿದ್ದು ಈಗ ಕೈಗೆ ಗೊತ್ತಾಯಿತು. ಹಾರುವುದನ್ನು ಕಂಡರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಏಳನೇ ಚುಕ್ಕೆಯಲ್ಲಿ ಬಿಳಿ ಹಕ್ಕಿ ಬಂತು. ಅವಳು ಒಂದು ಸಲ ಒತ್ತಿದಳು. ಅದು ಬಲಕ್ಕೆ ಹೋಯಿತು, ಅವಳು ಎಡಕ್ಕೆ ತಿರುಗಿದಳು.

“ಎಡಗಡೆ ಇನ್ನೂ ಇವೆಯಾ?” ಎಂದು ಅವನು ಕೇಳಿದ.

“ಇವೆ. ಜೊಂಡಿನ ತುದಿವರೆಗೂ ಇವೆ.”

“ನನಗೆ ನೀರೇ ಕಾಣ್ತಿರೋದು” ಎಂದ ಅವನು. ಅವಳ ಭುಜದ ಮೇಲಿನ ಕೈ ಸ್ವಲ್ಪ ಭಾರವಾಯಿತು.

ಭಾನುವಾರ ಸಂಜೆಯೊಳಗೆ ಎಣಿಕೆ ಮುಗಿಯಿತು. ಹದಿನೇಳು ಸಾವಿರದ ಆರುನೂರ ನಲವತ್ತು. ಅವಳು ಜೊತೆಗೆ ತಂದಿದ್ದ ಹೋದ ವರ್ಷದ ಒಂದು ಹಾಳೆಯನ್ನೂ ಈ ವರ್ಷದ ಒಂದು ಹಾಳೆಯನ್ನೂ ಕಿಟಕಿಗೆ ಹಿಡಿಯಲು ಅವನು ಹೇಳಿದ. ಒಂದರಿಂದ ಬೆಳಕು ಸುರಿಯಿತು, ಇನ್ನೊಂದರಿಂದ ಅಲ್ಲಲ್ಲಿ ತೊಟ್ಟಿಕ್ಕಿತು. ಆಮೇಲೆ ಅವನು ಹೇಳುತ್ತಾ ಹೋದ, ಅವಳು ಬರೆದಳು: ಹಿಂದಿನ ಎರಡು ವರ್ಷದ ಎಣಿಕೆ ತಪ್ಪು. ಫೋಟೋ ತೆಗೆದವನ ಕಣ್ಣಿನ ದೋಷದಿಂದ ಒಂದೇ ಹಕ್ಕಿ ಹಲವು ಸಲ ಬಂದಿದೆ. ಬರೆದು ಮುಗಿಸಿ, ಅವಳು ಕೆಳಗೆ ತಾನಾಗಿ ಒಂದು ಸಾಲು ಸೇರಿಸಿ ಗಟ್ಟಿಯಾಗಿ ಓದಿದಳು: “ಹೋದ ವರ್ಷ ಇದು ಎಣಿಸಿದವಳಿಗೆ ಗೊತ್ತಿತ್ತು.” ಇದನ್ನು ಹೊಡೆದುಹಾಕು ಎನ್ನುತ್ತಾನೇನೋ ಎಂದು ಕಾದಳು. ಎಷ್ಟೆಂದರೂ ಗಂಡನಲ್ಲವೇ. ಅವನು ಎನ್ನಲಿಲ್ಲ. ಪೆನ್ನು ಇಸಿದುಕೊಂಡು ಸಹಿ ಮಾಡಿ, ಪೆನ್ನನ್ನು ಅವಳ ಕಡೆ ತಳ್ಳಿದ.

ಸೋಮವಾರ ನಕ್ಷೆ ಮೇಡಂ ಕಾಗದವನ್ನು ಎರಡು ಸಲ ಓದಿದರು. ಓದುತ್ತಾ ಅವರ ಕಿವಿ ಕೆಂಪಾಯಿತು. ಶನಿವಾರದ ಹನ್ನೊಂದು ಹಾಳೆಗಳನ್ನೂ ಗುರುವಾರದ ಬಿಳಿ ಹಕ್ಕಿಯ ಐದು ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು.

“ಒಪ್ಪಿಗೆ ಅಂತ ನಾನು ಬರೆಯೋದಿಲ್ಲ. ಈ ಕಾಗದ ಇಟ್ಟು ಫೈಲು ಕಳಿಸ್ತೀನಿ. ಆದ್ರೆ ಮೇಲಿನವರು ಏನಂತಾರೋ ಗೊತ್ತಿಲ್ಲ” ಎಂದರು. “ಹೋದ ವರ್ಷ ನಲವತ್ತು, ಈ ವರ್ಷ ಹದಿನೇಳು. ಯಾವುದನ್ನ ನಂಬ್ಬೇಕು ಅಂತ ಕೇಳ್ತಾರೆ. ಅದಕ್ಕಿಂತ ಹಿಂದಿನದೂ ಇವರೇ ಎಣಿಸಿದ್ದಲ್ವಾ, ಅದೂ ಸುಳ್ಳಿರಬಹುದು ಅಂತಾರೆ.”

“ಅದು ಸುಳ್ಳಲ್ಲ ಮೇಡಂ” ಎಂದಳು ಸೂಜಿಯಕ್ಕ. “ಹದಿನೆಂಟು ವರ್ಷ ಒಂದು ಹಕ್ಕಿ ಆಚೆ ಈಚೆ ಆಗಿಲ್ಲ.”

“ನನಗೆ ಗೊತ್ತು ಅಕ್ಕಾ. ಫೈಲಿಗೆ ಹೇಗೆ ಗೊತ್ತಾಗ್ಬೇಕು?”

ಗಂಡ ಹಳೆಯ ದಾಖಲೆಗಳ ಬೀರುವನ್ನು ನೋಡುತ್ತಿದ್ದ. ಅದು ಕೋಣೆಯ ಬಲಗಡೆಗೇ ಇತ್ತು. ಹದಿನೆಂಟು ವರ್ಷದ ಅವನ ಬೆಳಗುಗಳು ಅದರಲ್ಲಿದ್ದವು. ಮುಂದಿನ ವರ್ಷದಿಂದ ಬೇರೆ ಯಾರನ್ನಾದರೂ ಕರೆಯಬೇಕಾಗುತ್ತದೆ ಎಂದು ಮೇಡಂ ತಡವರಿಸುತ್ತಾ ಹೇಳಿದಾಗ, “ಕರೀಬೇಕು, ಕರೀಬೇಕು” ಎಂದು ಅವನೇ ಅವರಿಗೆ ಸಮಾಧಾನ ಹೇಳಿದ. “ಬರೋರಿಗೆ ಒಂದು ಮಾತು ಹೇಳಿ. ಹಕ್ಕಿ ಹಿಂದೆ ಓಡ್ಬಾರ್ದು ಅಂತ.”

ಆಫೀಸಿನ ಹಿಂದೆಯೇ ಕ್ಯಾಂಟೀನು. ಇಬ್ಬರೂ ಎದುರು ಬದುರು ಕೂತರು. ಬ್ರೆಡ್ಡು, ಬೇಯಿಸಿದ ತರಕಾರಿ, ಮೊಟ್ಟೆ ಬಂದವು. ಶುಕ್ರವಾರದಿಂದ ಅವನು ಕೆಲಸದ ಮಾತು ಬಿಟ್ಟು ಬೇರೊಂದು ಮಾತು ಅವಳೊಂದಿಗೆ ಆಡಿರಲಿಲ್ಲ. ಆ ಮೂರು ದಿನವೂ ಅವಳು ಅವನ ತಟ್ಟೆ ಮುಟ್ಟಿರಲಿಲ್ಲ, ಮುಟ್ಟಲು ಧೈರ್ಯವಾಗಿರಲಿಲ್ಲ. ಅವನು ಅರ್ಧ ಊಟ ಬಿಟ್ಟು ಏಳುವುದನ್ನು ನೋಡುತ್ತಾ ಕೂತಿದ್ದಳು.

ಈಗಲೂ ಅವನು ಬಲಗಡೆಯದನ್ನು ತಿಂದು ಮುಗಿಸಿ ನೀರಿನ ಲೋಟ ಎತ್ತಿಕೊಂಡ. ಮೊಟ್ಟೆ ಹಾಗೇ ಉಳಿದಿತ್ತು. ಅವಳ ಕೈ ತಾನಾಗಿಯೇ ಮೇಜಿನ ಮೇಲೆ ಬಂದು ತಟ್ಟೆಯ ಅಂಚಿಗೆ ತಾಗಿತು. ಹಾವು ಮುಟ್ಟಿದವಳಂತೆ ಹಿಂದೆಳೆದುಕೊಂಡು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಆಡುವುದನ್ನು ಬಿಟ್ಟು ಎರಡು ವರ್ಷ ದಾಟಿದ ಮಾತು ಅದು. ಇಷ್ಟು ಸಣ್ಣ ಮಾತಿಗೆ ಇಷ್ಟೊಂದು ಕಷ್ಟವೇ?

“ಎಡಗಡೆ ಇನ್ನೂ ಇದೆ ಕಣ್ರೀ” ಎಂದಳು.

ಅವನು ಲೋಟ ಕೆಳಗಿಟ್ಟ. ತಟ್ಟೆ ನೋಡಿದ, ಅವನಿಗೆ ಅದು ಖಾಲಿ. ಆಮೇಲೆ ಕತ್ತು ತಿರುಗಿಸಿದ, ಸಾಲಲಿಲ್ಲ. ಇನ್ನೂ ತಿರುಗಿಸಿದ, ಗಲ್ಲ ಭುಜಕ್ಕೆ ತಾಗುವಷ್ಟು. ಪಕ್ಕದ ಮೇಜಿನವರು ಇವನನ್ನೇ ನೋಡತೊಡಗಿದರು. ಮೊಟ್ಟೆ ಕಣ್ಣಿಗೆ ಬಿದ್ದಾಗ ಅವನ ಮುಖ ಚಿಕ್ಕದಾಯಿತು.

“ಇನ್ಮೇಲೆ ಹೀಗೇ ಹೇಳು” ಎಂದ. “ತಿರುಗಿಸ್ಬೇಡ.”

ಅವಳು ಹ್ಞೂಂ ಎಂದಳು. ಅವನು ಕತ್ತನ್ನು ಹಾಗೇ ಓರೆಯಾಗಿ ಹಿಡಿದುಕೊಂಡು, ಮೊಟ್ಟೆ ಮತ್ತೆ ಎಲ್ಲಿ ಕಾಣದೆ ಹೋಗುತ್ತದೋ ಎಂದು ನಿಧಾನವಾಗಿ ತಿನ್ನತೊಡಗಿದ.